ಎಡಚಕ್ರ ಅವರದು, ಬಲಚಕ್ರ ನನ್ನದು

ಹೋದ ತಿಂಗಳು ಒಂದು ಬೆಳಿಗ್ಗೆ ಶಂಕರಪುರದ ನಮ್ಮ ಮನೆಯ ಜಗಲಿಯಲ್ಲಿ ಕನ್ನಡಿ ನಿಲ್ಲಿಸಿಕೊಂಡು ಗಡ್ಡ ಹೆರೆದುಕೊಳ್ಳುತ್ತಿದ್ದೆ. ವಿಶ್ವೇಶ್ವರಪುರದಿಂದ ಸೈಕಲ್ಲಿನಲ್ಲಿ ಬಂದ ಒಬ್ಬರು ಗೇಟಿನ ಹೊರಗೇ ನಿಂತು ಎರಡು ಸುದ್ದಿ ಹೇಳಿದರು. ಮೊದಲನೆಯದು, ನಮ್ಮ ಬಣ್ಣದ ಮೇಸ್ತ್ರಿಗಳು ತೀರಿಕೊಂಡು ಹದಿನೈದು ದಿನವಾಯಿತು. ನಾನು ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದರಿಂದ ತಿಳಿಸಲು ಆಗಿರಲಿಲ್ಲ. ಎರಡನೆಯದು ಅವರ ಹೆಂಡತಿ ಹೇಳಿ ಕಳಿಸಿದ್ದು. "ತಗಡುಗಳನ್ನೆಲ್ಲ ಇಂಜಿನಿಯರ್ರು ನೀವೇ ಬಂದು ತಗೊಂಡ್ ಹೋಗ್ಬೇಕಂತೆ. ಅಮ್ಮನವರಿಗೆ ಅಡುಗೆಮನೇಲಿ ಜಾಗ ಬೇಕಂತೆ."

ಮೊದಲನೆಯ ಸುದ್ದಿಗೆ ಅಳು ಬರಬೇಕು, ಎರಡನೆಯದಕ್ಕೆ ನಗು. ನನಗೆ ಎರಡೂ ಒಟ್ಟಿಗೇ ಬಂದು ಕೆನ್ನೆ ಕೊಯ್ದುಕೊಂಡೆ. ಮೇಸ್ತ್ರಿಗಳು ನೋಡಿದ್ದರೆ "ಒಂದ್ ಕೋಟ್ ಕಾವಿ ಬಳೀಲಾ ಸ್ವಾಮಿ?" ಎಂದು ಖಂಡಿತ ಕೇಳುತ್ತಿದ್ದರು.

ಅವರನ್ನು ನಾನು ಮೊದಲು ನೋಡಿದ್ದು ಎರಡನೆಯ ಮಹಾಯುದ್ಧ ಮುಗಿದ ಎರಡು ಮೂರು ವರ್ಷಕ್ಕೆ, ಚಾಮರಾಜಪೇಟೆಯ ಒಂದು ಶೆಡ್ಡಿನಲ್ಲಿ. ಶೆಡ್ಡಿನ ಯಜಮಾನರು ಪೇಟೆಯಲ್ಲಿ ಮೂರು ತಲೆಮಾರಿನಿಂದ ಕಬ್ಬಿಣದ ವ್ಯಾಪಾರ ಮಾಡಿಕೊಂಡು ಬಂದ ಶಿವಭಕ್ತರ ಮನೆಯವರು. ಮಿಲಿಟರಿಯವರು ಹರಾಜು ಹಾಕಿದ ಒಂದು ಹಳೆಯ ಲಾರಿಯನ್ನು ಹಿಡಿದು ತಂದು, ಅದರ ಹಿಂದೆ ಕಟ್ಟುವ ಟ್ರೇಲರನ್ನು ತಾವೇ ಮಾಡಿಸಿ, ಅದು ಓಡಿದ್ದನ್ನು ಕಂಡು ಖುಷಿಯಾಗಿ, ಟ್ರೇಲರ್ ಮಾಡುವುದನ್ನೇ ಉದ್ಯೋಗ ಮಾಡಿಕೊಂಡಿದ್ದರು. ನಾನು ಡಿಪ್ಲೊಮಾ ಮುಗಿಸಿ, ಕಾಗದವನ್ನು ಸುರುಳಿ ಸುತ್ತಿಕೊಂಡು, ಕತ್ತಿಗೆ ಟೈ ಬಿಗಿದುಕೊಂಡು ಅಲ್ಲಿಗೆ ಹೋದೆ. ಆ ಶೆಡ್ಡಿನಲ್ಲಿ ಟೈ ಕಟ್ಟಿದವನು ನನಗಿಂತ ಮೊದಲು ಯಾರೂ ಇರಲಿಲ್ಲ, ನನ್ನ ನಂತರವೂ ಯಾರೂ ಬರಲಿಲ್ಲ.

ಚಕ್ರಗಳಿಗೆ ಬಣ್ಣ ಬಳಿಯುವ ಕೋಣೆ, ಅಂದರೆ ಬಣ್ಣದ ಮನೆಯ ಬಾಗಿಲಲ್ಲಿ ಕುಳ್ಳಗೆ, ಅಚ್ಚ ಬಿಳಿ ಪಂಚೆ, ಅಚ್ಚ ಬಿಳಿ ಅಂಗಿಯ ಒಬ್ಬರು ನಿಂತಿದ್ದರು. ನಾನು ಅವರನ್ನು ಯಾರೋ ಗಿರಾಕಿ ಎಂದುಕೊಂಡು ನಮಸ್ಕಾರ ಮಾಡಿದೆ. ಅವರು ನನ್ನ ಟೈಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಅದೇನ್ ಸ್ವಾಮಿ, ಕತ್ತಲ್ಲಿ ಬ್ರಷ್ ನೇತಾಕ್ಕೊಂಡಿದೀರಿ?"

ಹೀಗೆ ನಮ್ಮ ಪರಿಚಯವಾಯಿತು. ಅಂದಿನಿಂದ ನನ್ನ ಟೈ ಅವರಿಗೆ ದಿನಕ್ಕೊಂದು ಮಾತಿನ ವಸ್ತುವಾಯಿತು. ಗ್ರೀಸು ಮೆತ್ತಿದರೆ ಒಂದು, ಡ್ರಿಲ್ಲಿಗೆ ಸಿಕ್ಕಿಕೊಂಡರೆ ಇನ್ನೊಂದು. ನಾನು ಹಟಕ್ಕೆ ಬಿದ್ದು ಟೈ ಬಿಡಲಿಲ್ಲ, ಅವರು ಹಟಕ್ಕೆ ಬಿದ್ದು ಮಾತು ಬಿಡಲಿಲ್ಲ.

ಬಣ್ಣದ ಮೇಸ್ತ್ರಿಯ ಬಟ್ಟೆಯ ಮೇಲೆ ಒಂದು ಹನಿ ಬಣ್ಣವಿಲ್ಲದಿರುವುದು ಹೇಗೆ ಎಂದು ನಾನು ಒಮ್ಮೆ ಕೇಳಿದ್ದುಂಟು. "ಬಟ್ಟೆ ಮೇಲೆ ಬಿದ್ದಿದ್ದು ಚಕ್ರದ ಮೇಲೆ ಬೀಳ್ಲಿಲ್ಲ ಅಂತ ತಾನೆ? ಯಜಮಾನ್ರು ಬಣ್ಣ ತಂದುಕೊಡೋದು ನನ್ನ ಪಂಚೆಗಲ್ಲ" ಎಂದರು. ಕನಕಪುರದ ಕಡೆಯ ಹಳ್ಳಿಯೊಂದರಿಂದ ಚಿಕ್ಕ ವಯಸ್ಸಿನಲ್ಲೇ ಊರು ಬಿಟ್ಟು ಬಂದು, ಮನೆಯ ಬಾಗಿಲುಗಳಿಗೆ, ಆಮೇಲೆ ಜಟಕಾಗಳಿಗೆ, ಆಮೇಲೆ ಬಸ್ಸುಗಳಿಗೆ ಬಣ್ಣ ಹೊಡೆದು ಕೊನೆಗೆ ನಮ್ಮ ಶೆಡ್ಡಿಗೆ ಬಂದವರು. ಬಸ್ಸಿನ ಮೈಗೆ ಬಳಿಯುವುದು ಅವರಿಗೆ ಸಪ್ಪೆ ಕೆಲಸ. "ಬಸ್ಸಿನ ಮೈಗೇನ್ರೀ ಕಷ್ಟ? ಎತ್ತರದಲ್ಲಿ ನಿಂತು ಗಾಳಿ ಕುಡೀತಿರುತ್ತೆ. ಚಕ್ರ ನೋಡಿ. ಊರಿನ ಕೆಸರು, ಸಗಣಿ, ಜಲ್ಲಿ ಎಲ್ಲಾ ಅದರ ಮುಖಕ್ಕೇ. ಚಕ್ರಕ್ಕೆ ಬಳಿದಿದ್ದು ನಿಲ್ತು ಅಂದ್ರೆ ಅದು ಬಣ್ಣ."

ಅವರ ಪರೀಕ್ಷೆಯ ಉಪಕರಣ ನಾಲಿಗೆ. ಅಗಸೆ ಎಣ್ಣೆಯ ಡಬ್ಬ ಬಂದರೆ ಹೆಬ್ಬೆರಳು ಅದ್ದಿ ನೆಕ್ಕುತ್ತಿದ್ದರು. ಒಮ್ಮೆ ಹಾಗೆ ನೆಕ್ಕಿ, ಕಣ್ಣು ಮುಚ್ಚಿ ಯೋಚಿಸಿ, ಡಬ್ಬ ತಂದವನಿಗೆ ಹೇಳಿದರು. "ಕಡ್ಲೆಕಾಯಿ ಎಣ್ಣೆ ಬೆರೆಸಿದಾರೆ. ಇದ್ರಲ್ಲಿ ಬೋಂಡ ಕರೀಬಹುದು, ಚಕ್ರಕ್ಕೆ ಆಗಲ್ಲ. ತಗೊಂಡ್ ಹೋಗಿ." ಡಬ್ಬ ತಂದವನು ಒಂದು ಮಾತೂ ಆಡದೆ ವಾಪಸ್ಸು ಹೋದ. ಅವನು ವಾದ ಮಾಡದಿದ್ದದ್ದೇ ನನಗೆ ಸಾಕ್ಷಿಯಾಯಿತು.

ಬಣ್ಣಗಳಿಗೆ ಡಬ್ಬದ ಮೇಲೆ ಅಚ್ಚಾಗಿರುವ ಹೆಸರನ್ನು ಅವರು ಹೇಳಿದ್ದನ್ನು ನಾನು ಕೇಳಿಯೇ ಇಲ್ಲ. ಅವರಲ್ಲಿ ತೊಗರಿಬೇಳೆ ಹಳದಿಯಿತ್ತು, ಹೀರೇಕಾಯಿ ಸಿಪ್ಪೆ ಹಸಿರಿತ್ತು, ಬದನೆಕಾಯಿ ನೀಲಿಯಿತ್ತು. ಗಿರಾಕಿಗಳು ಬಂದು ಬಾಯಿಗೆ ಬಂದ ಇಂಗ್ಲಿಷ್ ಹೆಸರು ಹೇಳಿದರೆ, "ಅದು ಸಾಂಬಾರಿಗೆ ಬರುತ್ತೋ ಗೊಜ್ಜಿಗೆ ಬರುತ್ತೋ ಅಷ್ಟು ಹೇಳಿ ಸಾಕು" ಎನ್ನುತ್ತಿದ್ದರು. ಅಷ್ಟು ಹೇಳಿದರೆ ಸಾಕೂ ಆಗುತ್ತಿತ್ತು.

ಬೆಳಿಗ್ಗೆ ಬಂದವರು ಮೊದಲು ಬಾಗಿಲಲ್ಲಿ ನಿಂತು ಗಾಳಿಯನ್ನು ಮೂಸುವರು. ಗಾಳಿಯಲ್ಲಿ ತೇವವಿದ್ದರೆ ಪತ್ರಿಕೆ ಬಿಡಿಸಿಕೊಂಡು ಕೂತುಬಿಡುವರು, ಯಾರು ಬಂದು ಹೇಳಿದರೂ ಡಬ್ಬದ ಮುಚ್ಚಳ ತೆಗೆಯುತ್ತಿರಲಿಲ್ಲ. ಒಂದು ಸಲ ಯಜಮಾನರು ರೇಗಿ, ಇವತ್ತೇ ಬಳಿಯಬೇಕು ಎಂದು ಹಟ ಹಿಡಿದರು. ಮೇಸ್ತ್ರಿಗಳು ಮರುಮಾತಾಡದೆ ಬಳಿದರು. ಮೂರನೆಯ ದಿನ ಚಕ್ರದ ತುಂಬ ಹಪ್ಪಳದಂತೆ ಗುಳ್ಳೆ ಎದ್ದವು. ನಾನೇ ಆಗಿದ್ದರೆ 'ನಾನು ಹೇಳಿರಲಿಲ್ಲವೇ' ಎಂದು ವಾರವೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಅವರು ಆಫೀಸಿನಿಂದ ಒಂದು ಕುರ್ಚಿ ತಂದು ಆ ಚಕ್ರದ ಎದುರಿಗೆ ಹಾಕಿ, "ಕೂತ್ಕೊಂಡು ನೋಡಿ ಯಜಮಾನ್ರೇ" ಎಂದು ಹೇಳಿ ಕಾಫಿಗೆ ಹೋದರು. ಯಜಮಾನರು ನಿಜವಾಗಿಯೂ ಕೂತುಕೊಂಡು ನೋಡಿದರು.

ಇನ್ನು ತಗಡುಗಳು. ಅಡಿಪಟ್ಟಿಯಷ್ಟು ಉದ್ದದ ಕಬ್ಬಿಣದ ತಗಡಿಗೆ ಹೊಸ ಹೊಸ ಬಣ್ಣ, ಹೊಸ ಹೊಸ ಮಿಶ್ರಣ ಬಳಿದು ಅವರು ಮನೆಗೆ ಒಯ್ಯುತ್ತಿದ್ದರು. ಒಂದು ಬಚ್ಚಲಿನ ಮೋರಿಯಲ್ಲಿ, ಒಂದು ಪಕ್ಕದ ಮನೆಯ ಕೊಟ್ಟಿಗೆಯ ಗಂಜಲದ ಕಾಲುವೆಯಲ್ಲಿ, ಒಂದು ಹುಳಿ ಮಜ್ಜಿಗೆಯ ಪಾತ್ರೆಯಲ್ಲಿ, ಒಂದು ಉಪ್ಪಿನ ಮಡಕೆಯಲ್ಲಿ. ತಿಂಗಳುಗಟ್ಟಲೆ ಬಿಟ್ಟು ತೆಗೆದು, ಬಣ್ಣವಿಲ್ಲದ ತುದಿಯಲ್ಲಿ ಮೊಳೆಯಿಂದ ಅದು ಅನುಭವಿಸಿದ್ದನ್ನೆಲ್ಲ ಕೆರೆದು ಬರೆಯುತ್ತಿದ್ದರು. ಅವರ ಕೈಬರಹ ದೊಡ್ಡದು, ತಗಡು ಸಣ್ಣದು, ಹಾಗಾಗಿ ಬಹಳ ಚುಟುಕಾಗಿ ಬರೆಯುವುದು ಅವರಿಗೆ ಅಭ್ಯಾಸವಾಗಿತ್ತು. "ಗಂಜಲ. ನಾಲ್ಕು ತಿಂಗಳು. ಸೋತಿತು."

ನನ್ನನ್ನು ಒಂದು ಭಾನುವಾರ ಊಟಕ್ಕೆ ಕರೆದಿದ್ದರು. ಅವರ ಹೆಂಡತಿ ಮಾವಿನಕಾಯಿ ಉಪ್ಪಿನಕಾಯಿ ಬಡಿಸಲು ಜಾಡಿಗೆ ಸೌಟು ಹಾಕಿದರು. ಸೌಟಿಗೆ ಬಂದದ್ದು ಬದನೆಕಾಯಿ ನೀಲಿಯ ಒಂದು ತಗಡು. ಆಕೆ ಅದನ್ನು ಗಂಡನ ಎಲೆಯ ಪಕ್ಕದಲ್ಲಿ ಇಟ್ಟು, ಹೋಳನ್ನು ನನ್ನ ಎಲೆಗೆ ಬಡಿಸಿದರು.

"ನೋಡಪ್ಪ, ಈ ಮನೇಲಿ ಉಪ್ಪಿನಕಾಯಿ ಹಾಕೋದು ಊಟಕ್ಕಲ್ಲ."

ಮೇಸ್ತ್ರಿಗಳು ತಗಡನ್ನು ಬೆಳಕಿಗೆ ಹಿಡಿದು, ಸಂತೋಷದಿಂದ, "ಏನೂ ಆಗಿಲ್ಲ ಕಣೇ" ಎಂದರು. "ಉಪ್ಪಿನಕಾಯಿಗೆ ಆಗಿದೆ" ಎಂದರು ಆಕೆ. ನಾನು ಮುಂದಿನ ಸಲ ಮಜ್ಜಿಗೆಯನ್ನೂ ಸ್ವಲ್ಪ ನೋಡಿಯೇ ಕುಡಿದೆ.

ಇಷ್ಟು ಹೊತ್ತು ತಮಾಷೆಯ ಮಾತೇ ಆಯಿತು. ನಾನು ಹೇಳಬೇಕಾದ ಸಂಗತಿ ಬೇರೆ ಇದೆ, ಅದನ್ನು ಹೇಳಲು ಸಂಕೋಚವಾಗಿಯೇ ಇಷ್ಟು ಸುತ್ತಿ ಬಂದೆ.

ನಾನು ಸೇರಿ ಎರಡು ವರ್ಷವಾದ ಮೇಲೆ ಶೆಡ್ಡಿಗೆ ದೊಡ್ಡ ಕೆಲಸವೊಂದು ಬರುವ ಸೂಚನೆ ಕಂಡಿತು. ಒಂದು ಸಕ್ಕರೆ ಕಾರ್ಖಾನೆಯವರಿಗೆ ಕಬ್ಬು ಸಾಗಿಸಲು ಟ್ರೇಲರುಗಳು ಬೇಕಾಗಿದ್ದವು. ಅವರ ಹಳೆಯ ಟ್ರೇಲರುಗಳ ಚಕ್ರಗಳು ಎರಡೇ ಹಂಗಾಮಿಗೆ ತುಕ್ಕು ಹಿಡಿದು ಟೈರು ಕಚ್ಚಿ ಕೂತಿದ್ದವಂತೆ. ಆದ್ದರಿಂದ ಅವರ ಏಜೆಂಟರ ಪ್ರಶ್ನೆ ಒಂದೇ. ಚಕ್ರಕ್ಕೆ ಏನು ಬಳಿಯುತ್ತೀರಿ, ಅದು ಎಷ್ಟು ದಿನ ತಡೆಯುತ್ತದೆ?

ಮೇಸ್ತ್ರಿಗಳ ಉತ್ತರ ಸಿದ್ಧವಾಗಿತ್ತು. ಕಾಯಿಸಿದ ಅಗಸೆ ಎಣ್ಣೆಯಲ್ಲಿ ಕಲಸಿದ ಕಾವಿ ಎರಡು ಸಲ, ಅದರ ಮೇಲೆ ಎನಾಮಲ್ ಎರಡು ಸಲ, ಎಲ್ಲವೂ ಕೈಯಲ್ಲಿ, ಬ್ರಷ್ಷಿನಲ್ಲಿ. ನಾನು ಆಗಷ್ಟೇ ಒಂದು ವಿಲಾಯಿತಿ ಕ್ಯಾಟಲಾಗು ಓದಿದ್ದೆ. ಚಕ್ರವನ್ನು ಕಾಯಿಸಿ ಕರಗಿಸಿದ ಸತುವಿನಲ್ಲಿ ಮುಳುಗಿಸಿ ತೆಗೆಯಬೇಕು, ಬಕೆಟ್ಟು ಮಾಡುವ ಕಾರ್ಖಾನೆಯಲ್ಲಿ ಆ ಅನುಕೂಲವಿದೆ, ಬಣ್ಣದ ಗೊಡವೆಯೇ ಬೇಡ ಎಂದು ಯಜಮಾನರ ಮುಂದೆ ಭಾಷಣ ಮಾಡಿದೆ. ಮೇಸ್ತ್ರಿಗಳು ಅದಕ್ಕೆ "ಬಕೆಟ್ ಕಲಾಯಿ" ಎಂದು ಹೆಸರಿಟ್ಟರು.

ಯಜಮಾನರು ವ್ಯಾಪಾರಸ್ಥರು, ವಾದವನ್ನು ಕೇಳುವವರಲ್ಲ, ಸರಕನ್ನು ನೋಡುವವರು. ನಮ್ಮ ಲಾರಿಯ ಹಿಂದಿನ ಟ್ರೇಲರಿಗೆ ಎರಡು ಹೊಸ ಚಕ್ರ ಹಾಕಿಸಿದರು. ಎಡಚಕ್ರ ಮೇಸ್ತ್ರಿಗಳದು, ಬಲಚಕ್ರ ನನ್ನದು. ಆಷಾಢದಿಂದ ದಸರೆಯವರೆಗೆ ಜಲ್ಲಿ, ಮರಳು, ಗೊಬ್ಬರ, ಏನು ಸಿಕ್ಕಿದರೆ ಅದನ್ನು ಹೊತ್ತು ಟ್ರೇಲರು ಬಸವನಗುಡಿಯ ಏರು ಹತ್ತಿ ಇಳಿಯಬೇಕು. ಹಬ್ಬ ಮುಗಿದ ಮೇಲೆ ಏಜೆಂಟರು ಬಂದು ನೋಡಿ, ಆರಿಸಬೇಕು. ಆಮೇಲೆ ಯಜಮಾನರು ಮೇಸ್ತ್ರಿಗಳನ್ನೂ ನನ್ನನ್ನೂ ಎದುರಿಗೇ ನಿಲ್ಲಿಸಿಕೊಂಡು ಹೇಳಿದರು.

"ಮೇಸ್ತ್ರಿಗಳೇ, ಮುಚ್ಚುಮರೆ ಯಾಕೆ? ಸತುವೇ ಗೆದ್ರೆ ಬಣ್ಣದ ಮನೆ ನನಗೆ ಬೇಕಾಗಲ್ಲ. ಟ್ರೇಲರಿನ ತೊಟ್ಟಿ ಹೇಗೂ ಮರದ್ದು, ಅದಕ್ಕೆ ಡಾಂಬರು ಬಳಿಯೋಕೆ ಯಾರಾದ್ರೂ ಆಗ್ತಾರೆ. ನಿಮಗೆ ಶಾಲು ಹೊದೆಸಿ ಕಳಿಸ್ಕೊಡ್ತೀನಿ."

"ಆಗ್ಲಿ ಯಜಮಾನ್ರೇ. ಶಾಲು ಮಾತ್ರ ಬಿಳೀದು ತನ್ನಿ" ಎಂದರು ಮೇಸ್ತ್ರಿಗಳು.

ಆ ಮಾತಿಗೆ ನಾನೂ ನಕ್ಕೆ. ಐವತ್ತೈದು ದಾಟಿದ ಮನುಷ್ಯನ ಅನ್ನದ ಪ್ರಶ್ನೆ ಅದು ಎಂದು ಆ ಹೊತ್ತಿಗೆ ನನಗೆ ಹೊಳೆಯಲಿಲ್ಲ. ನನಗೆ ಕಾಣುತ್ತಿದ್ದದ್ದು ನನ್ನ ಚಕ್ರ ಒಂದೇ.

ಮಳೆಗಾಲ ಕಳೆಯಿತು. ದಿನವೂ ಸಂಜೆ ನಾವಿಬ್ಬರೂ ಟ್ರೇಲರಿನ ಎರಡು ಕಡೆ ಕುಕ್ಕರಗಾಲಲ್ಲಿ ಕೂತು ನಮ್ಮ ನಮ್ಮ ಚಕ್ರ ನೋಡುತ್ತಿದ್ದೆವು. ಅವರು ನನ್ನದನ್ನೂ ಬಂದು ನೋಡುವರು, ನಾನು ಅವರದನ್ನು ಕದ್ದು ನೋಡುವೆ. ಅವರ ಎನಾಮಲ್ ಹೊಳಪು ಹಾಗೇ ಇತ್ತು, ಆದರೆ ಅಂಚಿನಲ್ಲಿ ಜಲ್ಲಿಯ ಹೊಡೆತಕ್ಕೆ ಎರಡು ಮೂರು ಕಡೆ ಚಕ್ಕೆ ಎದ್ದಿತ್ತು. ನನ್ನದು ಹೊಳಪು ಕಳೆದುಕೊಂಡು ಬೂದಿ ಬಣ್ಣಕ್ಕೆ ತಿರುಗಿತ್ತು, ಆದರೆ ಎಲ್ಲಿಯೂ ಒಂದು ಚುಕ್ಕೆ ತುಕ್ಕಿಲ್ಲ. ಕ್ಯಾಟಲಾಗಿನ ಪ್ರಕಾರ ಸತು ಹಾಗೆ ಮಂಕಾಗುವುದೇ ಸರಿ. ಆದರೆ ಏಜೆಂಟರು ಕ್ಯಾಟಲಾಗು ಓದಿರಲಿಲ್ಲ. ಅವರು ಬಂದು ಒಂದು ಕಡೆ ಹೊಳೆಯುವ ಚಕ್ರ, ಇನ್ನೊಂದು ಕಡೆ ಮಂಕು ಚಕ್ರ ನೋಡಿದರೆ ಗತಿ ಏನು ಎಂದು ನನಗೆ ಚಿಂತೆ ಹತ್ತಿತು.

ಆಯುಧಪೂಜೆಯ ದಿನ ಶೆಡ್ಡಿನಲ್ಲಿ ಗಡಿಬಿಡಿ. ಲೇತು, ಡ್ರಿಲ್ಲು, ಸುತ್ತಿಗೆ ಎಲ್ಲಕ್ಕೂ ವಿಭೂತಿ, ಚಕ್ರಗಳ ಕೆಳಗೆ ನಿಂಬೆಹಣ್ಣು, ಬಾಗಿಲಿಗೆ ಬೂದುಗುಂಬಳ. ನಲ್ಲಿಯ ಬಳಿ ಪೂಜೆಯ ದೀಪ, ಗಂಟೆ, ತಟ್ಟೆಗಳನ್ನು ಹುಣಸೆಹಣ್ಣು ಹಚ್ಚಿ ಬೆಳಗಿ ಇಟ್ಟಿದ್ದರು. ಹಿತ್ತಾಳೆ ಫಳಫಳ ಹೊಳೆಯುತ್ತಿತ್ತು. ಬೋಗುಣಿಯಲ್ಲಿ ಹುಣಸೆಹಣ್ಣು ಇನ್ನೂ ಒಂದು ಹಿಡಿ ಮಿಕ್ಕಿತ್ತು. ನಮ್ಮ ತಾಯಿ ಹಬ್ಬದ ಹಿಂದಿನ ದಿನ ಮನೆಯ ಪಾತ್ರೆಗಳನ್ನೆಲ್ಲ ಅದರಲ್ಲೇ ಬೆಳಗುವುದನ್ನು ಹುಟ್ಟಿದಾಗಿನಿಂದ ನೋಡಿದ್ದೆ. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಬೋಗುಣಿ ಎತ್ತಿಕೊಂಡು ಹೋಗಿ ನನ್ನ ಬಲಚಕ್ರಕ್ಕೆ ಹುಣಸೆಹಣ್ಣು ಮೆತ್ತಿ ತಿಕ್ಕತೊಡಗಿದೆ. ಡಿಪ್ಲೊಮಾದಲ್ಲಿ ರಸಾಯನಶಾಸ್ತ್ರಕ್ಕೆ ನನಗೆ ಬಂದ ಅಂಕಗಳನ್ನು ಇಲ್ಲಿ ಹೇಳುವುದಿಲ್ಲ.

ಅರ್ಧ ತಿಕ್ಕಿರಲಿಲ್ಲ, ಯಜಮಾನರ ಮನೆಯ ಅಯ್ಯನವರು ಪೂಜೆಗೆ ಕರೆದರು. ಹುಣಸೆಹಣ್ಣನ್ನು ಹಾಗೇ ಬಿಟ್ಟು ಕೈ ತೊಳೆದು ಓಡಿದೆ. ಪೂಜೆ, ಮಂಗಳಾರತಿ, ಕುಂಬಳಕಾಯಿ, ಕಡ್ಲೆಪುರಿ ಹಂಚಿಕೆ ಎಲ್ಲ ಮುಗಿಯುವ ಹೊತ್ತಿಗೆ ಎರಡು ಗಂಟೆ ಕಳೆದಿತ್ತು. ಬಂದು ನೀರು ಹೊಯ್ದು ನೋಡಿದೆ. ಚಕ್ರದ ತುಂಬ ಕಪ್ಪು ಕಪ್ಪು ಮಚ್ಚೆ. ಕೈಯಲ್ಲಿ ಸವರಿದರೆ ಮೊದಲಿನ ನುಣುಪಿಲ್ಲ, ಉಪ್ಪುಕಾಗದದ ಹಾಗೆ ತರಿತರಿ. ಹಿತ್ತಾಳೆಗೆ ಮಾಡುವುದನ್ನು ಸತುವಿಗೆ ಮಾಡಿ ನನ್ನ ಚಕ್ರವನ್ನು ನಾನೇ ಕೈಯಾರೆ ಕೆಡಿಸಿಕೊಂಡಿದ್ದೆ.

ಮೇಸ್ತ್ರಿಗಳು ಕಡ್ಲೆಪುರಿಯ ಪೊಟ್ಟಣ ಹಿಡಿದುಕೊಂಡು ಆ ಕಡೆಯಿಂದ ಬಂದರು. ಚಕ್ರವನ್ನು ನೋಡಿದರೋ ಇಲ್ಲವೋ ತಿಳಿಯಲಿಲ್ಲ. ನನ್ನ ಟೈಯನ್ನು ಮಾತ್ರ ನೋಡಿದರು.

"ಟೈ ತುದಿ ನೆಂದಿದೆ ಸ್ವಾಮಿ. ಮನೆಗೆ ಹೋದ್ಮೇಲೆ ಒಗೆಯೋಕೆ ಹಾಕ್ಬಿಡಿ. ಕಲೆ ಕೂತ್ರೆ ಹೋಗಲ್ಲ."

ದಿನದ ತಮಾಷೆ ಎಂದುಕೊಂಡು ನಾನು ಪೆಚ್ಚಾಗಿ ನಕ್ಕು ಮನೆಗೆ ಬಂದೆ.

ವಿಜಯದಶಮಿಯ ಮರುದಿನ ಏಜೆಂಟರು ಬಂದರು. ಎಡಚಕ್ರ ನೋಡಿದರು, ತಲೆಯಾಡಿಸಿದರು. ಬಲಚಕ್ರ ನೋಡಿದರು, ಮೂಗು ಮುರಿದರು. "ಮೂರು ತಿಂಗಳಿಗೇ ಹಿಂಗಾದ್ರೆ ಹಂಗಾಮು ಪೂರ್ತಿ ಏನ್ ಗತಿ? ಇದು ಬೇಡ. ಬಣ್ಣದ್ದೇ ಮಾಡ್ಕೊಡಿ" ಎಂದರು. ಯಜಮಾನರು ಸರಿ ಎಂದರು. ನನಗೆ ಸೋತ ದುಃಖಕ್ಕಿಂತ, ಯಾರೂ ಏನೂ ಕೇಳಲಿಲ್ಲವಲ್ಲ ಎಂಬ ನೆಮ್ಮದಿಯೇ ಹೆಚ್ಚಾಗಿತ್ತು. ಅಲ್ಲಿಗೆ ಮುಗಿದಿದ್ದರೆ ಮೇಸ್ತ್ರಿಗಳ ಕೆಲಸ ಉಳಿಯುತ್ತಿತ್ತು, ನನ್ನ ಗುಟ್ಟೂ ಉಳಿಯುತ್ತಿತ್ತು.

ಮೇಸ್ತ್ರಿಗಳು ಬಲಚಕ್ರದ ಮುಂದೆ ಕೂತರು. ಹೆಬ್ಬೆರಳಿನಿಂದ ಒಂದು ಮಚ್ಚೆಯನ್ನು ತಿಕ್ಕಿ, ಎಂದಿನಂತೆ ನೆಕ್ಕಿದರು.

"ಇದು ರಸ್ತೆ ಮಾಡಿದ್ದಲ್ಲ ಯಜಮಾನ್ರೇ. ಹುಣಸೆಹಣ್ಣು."

ಅವರು ಸ್ಪಾನರು ತಂದು ಒಂದು ನಟ್ಟು ಬಿಚ್ಚಿದರು. ನಟ್ಟಿನ ಅಡಿಯಲ್ಲಿ, ಹುಣಸೆ ತಾಕದ ಜಾಗದಲ್ಲಿ ಸತು ಹೊಸದರಂತೆಯೇ ಇತ್ತು. "ನೋಡಿ. ಕಲಾಯಿ ಗಟ್ಟಿಯಾಗಿದೆ. ಈಗ ಈ ಕಡೆ ಬನ್ನಿ." ಎಲ್ಲರನ್ನೂ ತಮ್ಮ ಎಡಚಕ್ರದ ಬಳಿಗೆ ಕರೆದುಕೊಂಡು ಹೋದರು. ಅಂಚಿನಲ್ಲಿ ಎದ್ದಿದ್ದ ಚಕ್ಕೆಯೊಂದನ್ನು ಉಗುರಿನಿಂದ ಕಿತ್ತು ತೋರಿಸಿದರು. ಅಡಿಯಲ್ಲಿ ಕೆಂಪಗೆ ತುಕ್ಕು ಹರಿದಿತ್ತು. "ನಂದು ಹೊರಗೆ ಚೆನ್ನಾಗಿದೆ. ಕಲ್ಲು ಹೊಡೆದ ಕಡೆ ಒಳಗೆ ಹೋಗ್ತಿದೆ. ಇಂಜಿನಿಯರ್ರದ್ದೇ ಹೆಚ್ಚು ತಡ್ಕೊಂಡಿರೋದು. ಇದ್ದಿದ್ದು ಹೇಳ್ದೆ."

ಯಜಮಾನರ ಮುಖ ಕೆಂಪಾಯಿತು. "ಹುಣಸೆಹಣ್ಣು ಯಾರ್ ಹಚ್ಚಿದ್ದು?"

ಮೇಸ್ತ್ರಿಗಳು ಪಂಚೆ ಕೊಡವಿಕೊಂಡು ಎದ್ದರು.

"ಹಬ್ಬದ ದಿನ ಯಾರೋ ಭಕ್ತಿಯಿಂದ ತೊಳ್ದಿದಾರೆ. ಭಕ್ತಿಗೆ ವಿಚಾರಣೆ ಮಾಡೋಕಾಗುತ್ತಾ ಯಜಮಾನ್ರೇ?"

ಯಜಮಾನರು ದೈವಭಕ್ತರು, ಮತ್ತೆ ಕೇಳಲಿಲ್ಲ. ಏಜೆಂಟರು ಹಾಗಾದರೆ ಸತುವೇ ಇರಲಿ ಎಂದರು. ನಾನು ಗೆದ್ದಿದ್ದೆ. ಜೀವಮಾನದಲ್ಲಿ ಅಷ್ಟು ಕೆಟ್ಟದಾಗಿ ಗೆದ್ದದ್ದು ನನಗೆ ನೆನಪಿಲ್ಲ. ಮುಂದೆ ಬಂದು ನಾನೇ ಎನ್ನಲು ನಾಲ್ಕು ಅಕ್ಷರವೂ ಬೇಕಿರಲಿಲ್ಲ, ಆಗಲಿಲ್ಲ. ನನಗೆ ನಾಚಿಕೆಯಾಯಿತು, ಈಗ ಬರೆಯುವಾಗಲೂ ಆಗುತ್ತಿದೆ.

ಹೊರಡುವ ಮುಂಚೆ ಏಜೆಂಟರು ಒಂದು ಮಾತು ಸೇರಿಸಿದರು. ಕಾರ್ಖಾನೆಯ ಟ್ರ್ಯಾಕ್ಟರುಗಳೆಲ್ಲ ಹಸಿರು, ಚಕ್ರವೂ ಹಸಿರಾಗಿದ್ದರೆ ಚೆಂದ. ನಾನು, ಸತುವಿನ ಮೇಲೆ ಬಣ್ಣ ಹಿಡಿಯುವುದಿಲ್ಲ, ಈರುಳ್ಳಿ ಸಿಪ್ಪೆಯಂತೆ ಎದ್ದು ಬರುತ್ತದೆ ಎಂದು ತಿಳಿಸಿದೆ. ಮೇಸ್ತ್ರಿಗಳು ಕೇಳಿಸಿಕೊಂಡರು.

"ಯಜಮಾನ್ರೇ, ಆ ಮಚ್ಚೆ ಚಕ್ರ ಹೇಗೂ ಗುಜರಿಗೆ ಹಾಕ್ತೀರಿ. ಶಾಲು ತರೋಷ್ಟರಲ್ಲಿ ಹದಿನೈದು ದಿನ ನನಗೆ ಕೊಟ್ಟಿರಿ" ಎಂದರು.

ಆ ಹದಿನೈದು ದಿನ ಅವರು ಬಣ್ಣದ ಮನೆಯ ಬಾಗಿಲು ಅರ್ಧ ಹಾಕಿಕೊಂಡಿದ್ದರು. ಮಚ್ಚೆ ಬಿದ್ದ ಚಕ್ರದ ಅರ್ಧಕ್ಕೆ ಕಾವಿ, ಅದರ ಮೇಲೆ ಹೀರೇಕಾಯಿ ಸಿಪ್ಪೆ ಹಸಿರು ಬಳಿದರು. ಉಳಿದರ್ಧ ಬರಿ ಸತು. ಹುಣಸೆ ಮುಟ್ಟದ ಒಂದು ಸತುವಿನ ತುಂಡಿಗೂ ಅದೇ ಬಣ್ಣ ಬಳಿದರು. ದಿನವೂ ವಿಶ್ವೇಶ್ವರಪುರದ ಗಾಣದವನಿಂದ ಒಂದು ಚೊಂಬು ಕಬ್ಬಿನ ಹಾಲು ತಂದು, ಹುಳಿ ಬರುವವರೆಗೆ ಇಟ್ಟು ಎಲ್ಲದರ ಮೇಲೆ ಹೊಯ್ದರು. ಶೆಡ್ಡಿಗೆ ನೊಣ ಮುತ್ತಿತು. ಯಜಮಾನರು ಗೊಣಗಿದರು. ಕೊನೆಯ ದಿನ ನನ್ನನ್ನು ಒಳಗೆ ಕರೆದು ಚಾಕು ಕೈಗೆ ಕೊಟ್ಟರು.

"ಕೆರೀರಿ ಸ್ವಾಮಿ."

ಹುಣಸೆ ಮುಟ್ಟದ ತುಂಡಿನ ಬಣ್ಣ ಚಾಕು ತಾಕಿದ ಕೂಡಲೇ ಸುರುಳಿಯಾಗಿ ಎದ್ದುಬಂತು. ಬರಿ ಸತುವಿನ ಭಾಗವನ್ನು ಹುಳಿ ಬಂದ ಕಬ್ಬಿನ ಹಾಲು ತಿಂದು ಬೆಳ್ಳಗೆ ಪುಡಿ ಮಾಡಿತ್ತು. ಕಬ್ಬಿನ ಗಾಡಿಗೆ ನನ್ನ ಸತು ಒಂದೇ ನಿಲ್ಲುವುದಿಲ್ಲ ಎಂದು ನೋಡಿದ ತಕ್ಷಣ ತಿಳಿಯುತ್ತಿತ್ತು. ಹುಣಸೆ ಕಚ್ಚಿ ತರಿತರಿಯಾಗಿದ್ದ ಸತುವಿನ ಮೇಲೆ ಬಳಿದ ಬಣ್ಣವನ್ನು ಕೆರೆದೆ, ಒತ್ತಿ ಕೆರೆದೆ, ಚಾಕುವಿನ ಮೊನೆ ಮುರಿಯಿತು. ಬಣ್ಣ ಅಲ್ಲಾಡಲಿಲ್ಲ. ಆ ತರಿಯೇ ಬಣ್ಣಕ್ಕೆ ಹಿಡಿತ ಕೊಟ್ಟಿತ್ತು.

"ನಿಮ್ದೂ ಬೇಕು, ನಂದೂ ಬೇಕು" ಎಂದರು ಮೇಸ್ತ್ರಿಗಳು. "ನಡುವೆ ಹುಣಸೆಹಣ್ಣು ಬೇಕು. ಸ್ವಲ್ಪ ಹೊತ್ತು ಸಾಕು, ಎರಡು ಗಂಟೆ ಜಾಸ್ತಿಯಾಯ್ತು."

ಎರಡು ಗಂಟೆ ಎಂದು ಅವರಿಗೆ ಹೇಗೆ ತಿಳಿಯಿತು ಎಂದು ನಾನು ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಸಂತೋಷದಲ್ಲಿ ಯಜಮಾನರನ್ನು ಕರೆಯಲು ಓಡಿದೆ.

ಸಕ್ಕರೆ ಕಾರ್ಖಾನೆಯ ಚಕ್ರಗಳೆಲ್ಲ ಹಾಗೆಯೇ ಆದವು. ಮೊದಲು ಬಕೆಟ್ ಕಾರ್ಖಾನೆಯಲ್ಲಿ ಸತು, ಆಮೇಲೆ ನಮ್ಮ ನಲ್ಲಿಯ ಬಳಿ ಹುಣಸೆ ನೀರು, ಆಮೇಲೆ ಮೇಸ್ತ್ರಿಗಳ ಬ್ರಷ್ಷು. ನಾನು ಕಾರ್ಖಾನೆಗೆ ಬರೆದ ಇಂಗ್ಲಿಷ್ ಕಾಗದದಲ್ಲಿ ಹುಣಸೆಹಣ್ಣಿಗೆ ಎರಡು ಸಾಲಿನ ಗಂಭೀರವಾದ ಹೆಸರು ಕೊಟ್ಟೆ. ಅದನ್ನು ಓದಿ ಹೇಳಿ ಎಂದು ಮೇಸ್ತ್ರಿಗಳು ಕೇಳಿ, ಪೂರ್ತಿ ಕೇಳಿಸಿಕೊಂಡು, "ಇದರಲ್ಲಿ ಸಾರು ಮಾಡೋಕಾಗುತ್ತಾ?" ಎಂದರು. ಶಾಲಿನ ಮಾತು ಮತ್ತೆ ಬರಲಿಲ್ಲ. ಬಂದದ್ದು ಆರು ವರ್ಷದ ಮೇಲೆ, ಅವರ ಕಣ್ಣು ಮಂದವಾಗಿ ಅವರಾಗಿಯೇ ಸಾಕು ಎಂದಾಗ. ಯಜಮಾನರು ನೆನಪಿಟ್ಟುಕೊಂಡು ಬಿಳಿಯದನ್ನೇ ತಂದಿದ್ದರು. ಮೇಸ್ತ್ರಿಗಳು ಅದರ ಅಂಚನ್ನು ಬೆರಳಲ್ಲಿ ಸವರಿ, "ಇದಕ್ಕೆ ಬಣ್ಣ ಬೀಳದ ಹಾಗೆ ನೋಡ್ಕೋಬೇಕು" ಎಂದರು. ಆ ದಿನವಾದರೂ ಹೇಳಬೇಕೆಂದು ಹೊರಟಿದ್ದೆ. ಅವರು ನನ್ನ ಪಕ್ಕದಲ್ಲೇ ಕೂತು, ಉಪ್ಪಿಟ್ಟು ತಿನ್ನುತ್ತ, ಎರಡು ಸಲ ನನ್ನ ಮುಖ ನೋಡಿದರು. ನಾನು ಉಪ್ಪಿಟ್ಟು ಚೆನ್ನಾಗಿದೆ ಎಂದೆ.

ಹೋದ ತಿಂಗಳು, ಕೆನ್ನೆಗೆ ಹತ್ತಿ ಅಂಟಿಸಿಕೊಂಡು ಅವರ ಮನೆಗೆ ಹೋದೆ. ಅವರ ಹೆಂಡತಿ ತಗಡುಗಳನ್ನೆಲ್ಲ ಒಂದು ಗೋಣಿಚೀಲದಲ್ಲಿ ತುಂಬಿಟ್ಟಿದ್ದರು. ಉಪ್ಪಿನ ಮಡಕೆಯದು, ಮಜ್ಜಿಗೆಯದು, ಗಂಜಲದ್ದು, ಎಲ್ಲ ಒಟ್ಟಿಗೆ ಗಲಗಲ ಎಂದವು. ಬಚ್ಚಲುಮನೆಯ ಕಿಟಕಿಯ ಸರಳಿಗೆ ಕಟ್ಟಿದ್ದ ಇನ್ನೊಂದು ಉಳಿದಿತ್ತು. ಹಂಡೆಯ ಉಗಿ, ಹೊಗೆ, ಸೀಗೆಪುಡಿ ಎಲ್ಲ ಬೀಳುವ ಜಾಗ. ಆಕೆ ಅದನ್ನು ಬಿಚ್ಚಿ ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟರು. ಹಸಿರು ಹಾಗೇ ಇತ್ತು, ಒಂದು ಚಕ್ಕೆಯೂ ಎದ್ದಿರಲಿಲ್ಲ. ತುದಿಯಲ್ಲಿ ಮೊಳೆಯಿಂದ ಕೆರೆದ ದೊಡ್ಡ ಅಕ್ಷರಗಳು.

"ಸತು. ಆಯುಧಪೂಜೆ ದಿನ. ಇಂಜಿನಿಯರ್ ಸ್ವಾಮಿ ತೊಳೆದ ಹಾಗೆ ತೊಳೆದದ್ದು." ಅದರ ಕೆಳಗೆ, ಬೇರೆ ದಿನ ಬರೆದಂತೆ ಬೇರೆ ಓರೆಯಲ್ಲಿ, "ಬಣ್ಣ ಹಿಡಿದಿದೆ."

ನಾನು ಅಲ್ಲೇ ಬಚ್ಚಲಿನ ಹೊಸ್ತಿಲ ಮೇಲೆ ಕೂತೆ.

"ಅಮ್ಮಾ, ಆ ಚಕ್ರ ಕೆಡಿಸಿದೋನು ನಾನೇ."

"ಗೊತ್ತಪ್ಪ" ಎಂದರು ಆಕೆ. "ಹಬ್ಬದ ಸಾಯಂಕಾಲ ಬಂದೋರು ನನ್ನ ಹೊಸ ಬಕೆಟ್ ಕತ್ತರಿಸಿ ಹುಣಸೆಹಣ್ಣು ಮೆತ್ತಿ ಕೂತ್ಕೊಂಡ್ರು. ಅದೂ ಕಪ್ಪಾಯ್ತು. ಆವಾಗ ಬೇಜಾರು ಮಾಡ್ಕೊಂಡ್ರು. ಸತು ಕೆಟ್ಟಿಲ್ಲ ಕಣೇ, ನಾಳಿದ್ದು ಹೇಳಲೇಬೇಕು, ಹೇಳಿದ್ರೆ ನನ್ನ ಕೆಲಸ ಹೋಗುತ್ತೆ ಅಂದ್ರು. ನಾನು, ಹೇಳ್ಬಿಡಿ, ಬಕೆಟ್ಟೇ ಹೋಯ್ತು, ಇನ್ನೇನು ಅಂದೆ."

"ನನ್ನ ಹೆಸರು ಹೇಳ್ಬಹುದಿತ್ತಲ್ಲ."

"ನಾನೂ ಅಂದೆ. ಅವರೇ ಒಂದಿನ ಹೇಳ್ತಾರೆ ಬಿಡು, ಒಳ್ಳೇ ಹುಡುಗ ಅಂದ್ರು. ಆಮೇಲಾಮೇಲೆ ನೀವು ಮನೆಗೆ ಬಂದಾಗೆಲ್ಲ, ಹೋದ್ಮೇಲೆ ನಾನು ಕೇಳೋಳು, ಹೇಳಿದ್ರಾ ಅಂತ. ಇಲ್ಲ, ಮುಂದಿನ್ ಸಲ ಅನ್ನೋರು."

ನನಗೆ ಕಣ್ಣು ತುಂಬಿ ಅಕ್ಷರ ಕಾಣದಾಯಿತು. ಆಕೆ ನನ್ನ ಕೈಯಿಂದ ತಗಡನ್ನು ತೆಗೆದುಕೊಂಡರು. ಗೋಣಿಚೀಲಕ್ಕೆ ಹಾಕುತ್ತಾರೆ ಎಂದುಕೊಂಡೆ. ಅವರು ಕಿಟಕಿಯ ಬಳಿ ಹೋಗಿ ಅದೇ ಸರಳಿಗೆ, ಅದೇ ದಾರದಿಂದ ಮತ್ತೆ ಕಟ್ಟಿದರು.

"ಇದೊಂದು ಇಲ್ಲೇ ಇರ್ಲಿ. ಇನ್ನೂ ಎಷ್ಟು ವರ್ಷ ತಡ್ಕೊಳುತ್ತೋ ನೋಡ್ಬೇಕು ಅಂತಿದ್ರು."